ಬರಿಗೈ ಎಸೆತ

೯ ಜನವರಿ ೧೯೬೧, ಸೋಮವಾರ. ಮುಂಜಾನೆ ಏಳು.

ಇಂದಿನಿಂದ ಈ ದಪ್ಪ ಕಾಗದಗಳನ್ನು ನಾನು ಬಳಸುವ ಉದ್ದೇಶ ಒಂದೇ: ನಮ್ಮ ಗೆಜ್ಜೆಚೆಂಡಿನ ಪಂದ್ಯಗಳಲ್ಲಿ ಬಿದ್ದ ಗೋಲುಗಳನ್ನು, ಬಿದ್ದಷ್ಟನ್ನೇ, ಬಿದ್ದ ದಿನವೇ ಬರೆದಿಡುವುದು. ಬೇರೆ ಯಾರೂ ಬರೆಯುತ್ತಿಲ್ಲ. ಘಟಪ್ರಭಾದ ನಮ್ಮ ಅಂಧರ ಶಾಲೆಯ ದಫ್ತರದಲ್ಲಿ ಯಾವ ತಾರೀಖಿಗೆ ಯಾವ ಅತಿಥಿ ಬಂದು ನಮ್ಮ ತಲೆ ನೇವರಿಸಿದರು ಎಂಬುದು ಇದೆ. ನಾವು ಎಷ್ಟು ಗೋಲು ಹೊಡೆದೆವು ಎಂಬುದು ಇಲ್ಲ.

ಬರೆಯುತ್ತಿರುವವಳು ಅಲ್ಲವ್ವ. ಊರು ಮಮದಾಪುರ. ವಯಸ್ಸು ಹತ್ತೊಂಬತ್ತು. ನಾಲ್ಕನೆಯ ವರ್ಷಕ್ಕೆ ಸಿಡುಬಿನಿಂದ ಕಣ್ಣು ಹೋದವು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಕೇಂದ್ರಕ್ಕೇ ಮೊದಲು — ಕಣ್ಣಿದ್ದವರನ್ನೂ ಹಿಡಿದು. ಉತ್ತರ ನನ್ನವು, ಪೆನ್ನು ಮಾತ್ರ ಇನ್ನೊಬ್ಬಳದು. ಸಮಾರಂಭದಲ್ಲಿ ಅವಳ ತಾಳ್ಮೆಯನ್ನು ಹೊಗಳಿದರು.

ಬರೆಯುವುದು ಚುಕ್ಕಿಯ ಲಿಪಿಯಲ್ಲಿ, ಪಾಟಿಯ ಮೇಲೆ ಮೊಳೆಯಿಂದ ಚುಚ್ಚಿ. ಮನೆಯಲ್ಲಿ ಇದನ್ನು ಓದಬಲ್ಲವರಿಲ್ಲ. ಅಪ್ಪ ಒಮ್ಮೆ ಹಾಳೆಯ ಮೇಲೆ ಕೈಯಾಡಿಸಿ, “ಸಜ್ಜಿ ರೊಟ್ಟಿ ಮ್ಯಾಲಿನ ಎಳ್ಳು ಇದ್ದಂಗ ಐತಿ ನೋಡವಾ” ಎಂದಿದ್ದ. ಒಳ್ಳೆಯದು. ಯಾರಿಗೂ ಓದಿಸಬೇಕಾಗಿಲ್ಲ.

ಪ್ರಾರ್ಥನೆಯ ಗಂಟೆ. ಮುಂದಿನದು ಸಂಜೆ.

ಅದೇ ದಿನ, ಸಂಜೆ.

ಆಟದ ನಿಯಮ ಒಮ್ಮೆ ಬರೆದುಬಿಡುತ್ತೇನೆ. ಅಂಗಳದ ಎರಡು ತುದಿಗೆ ಮೂರು ಮೂರು ಜನ. ಎಲ್ಲರ ಕಣ್ಣಿಗೂ ಪಟ್ಟಿ. ತೊಗಲಿನ ಚೆಂಡಿನೊಳಗೆ ಎತ್ತಿನ ಗೆಜ್ಜೆ. ಒಬ್ಬಳು ನೆಲದ ಮೇಲೆ ಉರುಳಿಸಿ ಎಸೆಯಬೇಕು. ಎದುರಿನ ಮೂವರು ಸದ್ದು ಹಿಡಿದು, ಅಡ್ಡ ಬಿದ್ದು, ಮೈಯಿಂದ ತಡೆಯಬೇಕು. ಹಿಂದಿನ ಗೆರೆ ದಾಟಿದರೆ ಗೋಲು. ನಮ್ಮ ಗೆರೆ ಸುಣ್ಣದ್ದಲ್ಲ. ನೆಲಕ್ಕೆ ಹುರಿ ಹಾಸಿ ಮೇಲೆ ಸೆಗಣಿ ಸಾರಿಸಿದ್ದು — ಅಂಗಾಲಿಗೆ ತಿಳಿಯುತ್ತದೆ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಪರದೇಶದ ಸಿಪಾಯಿಗಳು ಆಡುವ ಆಟವೆಂದು ನಮ್ಮ ಶಾಲೆಯ ಸತ್ಯಪ್ಪ ಮಾಸ್ತರರು ಮುಂಬಯಿಯ ತರಬೇತಿಯಲ್ಲಿ ಕೇಳಿಕೊಂಡು ಬಂದರು. ಉಳಿದದ್ದನ್ನು ನಾವೇ ಹೊಂದಿಸಿಕೊಂಡೆವು.

ನಮ್ಮ ಟೀಮು: ನಡುವೆ ನಾನು. ಎಡಕ್ಕೆ ಗುಡ್ಡವ್ವ — ತೋಳಿನಲ್ಲಿ ಬಲ, ಬಾಯಲ್ಲಿ ಅದಕ್ಕಿಂತ ಹೆಚ್ಚು. ಬಲಕ್ಕೆ ತಾಯವ್ವ — ಹದಿನಾಲ್ಕು ವರ್ಷ, ಎಲ್ಲರಿಗಿಂತ ಚುರುಕು ಕಿವಿ. ಅವಳಿಗೆ ಬೆಳಕು-ನೆರಳು ಸ್ವಲ್ಪ ತಿಳಿಯುತ್ತದೆ. ಆದ್ದರಿಂದ ಯಾರೂ ಹೇಳದಿದ್ದರೂ ಎರಡು ಪಟ್ಟಿ ಕಟ್ಟುತ್ತಾಳೆ.

ಈಗ ವಿಷಯ. ಮಾರ್ಚ್ ಹನ್ನೆರಡಕ್ಕೆ ಬೆಳಗಾವಿಯಲ್ಲಿ ಕ್ರೀಡಾಕೂಟ. ಅದರ ಕರಡು ಪ್ರೋಗ್ರಾಮನ್ನು ಮಾಸ್ತರರು ಓದಿ ಹೇಳಿದರು. ‘ಸ್ಪರ್ಧೆಗಳು’ ಎಂಬ ತಲೆಬರಹದ ಕೆಳಗೆ ಓಟ, ಖೊಖೋ, ಲಂಗಡಿ. ಅಲ್ಲಿ ನಾವಿಲ್ಲ. ಕೊನೆಯ ಪುಟದಲ್ಲಿ ‘ಮನರಂಜನೆ’. ಒಂದು, ಜಾದೂ. ಎರಡು, ಅಂಧ ಬಾಲಿಕೆಯರ ಚೆಂಡಾಟ. ಮೂರು, ಕೊಳಲು.

ಜಾದೂಗಾರನ ನಂತರ. ಕೊಳಲಿಗಿಂತ ಮೊದಲು.

ನಾನು ನೇರವಾಗಿ ಶಾಲೆಯ ಅಧ್ಯಕ್ಷ ಬಸವಣ್ಣೆಪ್ಪನವರ ಕೋಣೆಗೆ ಹೋದೆ. ಅವರು ನಕ್ಕರು. “ಎಲ್ಲಿ ಆಡಿದ್ರೂ ಆಟ ಆಟನ ಅಲ್ಲೇನವಾ?” ಎಂದರು. ಅಲ್ಲ ಎಂದೆ. ಸ್ಪರ್ಧೆಯಲ್ಲಿ ಆಡಿದರೆ ಅಂಕ ಬರೆಯುತ್ತಾರೆ, ಹೆಸರು ಬರೆಯುತ್ತಾರೆ. ಮನರಂಜನೆಯಲ್ಲಿ ಚಪ್ಪಾಳೆ ತಟ್ಟಿ ಮರೆಯುತ್ತಾರೆ.

ಬಹಳ ಹೊತ್ತು ಕೆಮ್ಮಿದರು. ಆಮೇಲೆ ಒಂದು ಮಾತು ಕೊಟ್ಟರು. ಗೋಕಾಕ, ಮೂಡಲಗಿ, ಹುಕ್ಕೇರಿ — ಮೂರೂ ಕಡೆ ಹೈಸ್ಕೂಲಿನ ಹುಡುಗಿಯರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಮ್ಮೊಡನೆ ಆಡುತ್ತಾರೆ. ಎರಡು ಪಂದ್ಯ ಗೆದ್ದರೆ, ಕೂಟದ ಸಮಿತಿಯ ಸದಸ್ಯರಾದ ಹುಕ್ಕೇರಿಯ ದುಂಡಪ್ಪನವರು ನಮ್ಮ ಹೆಸರನ್ನು ಸ್ಪರ್ಧೆಗಳ ಪುಟಕ್ಕೆ ಹಾಕಿಸುತ್ತಾರೆ.

ಎರಡೇಕೆ, ಮೂರೂ ಗೆಲ್ಲುತ್ತೇವೆ.

೧೫ ಜನವರಿ, ಭಾನುವಾರ. ಸಂಜೆ ಆರು.

ಗೋಕಾಕ. ನಾವು ೭, ಅವರು ೩.

ನನ್ನವು ನಾಲ್ಕು, ಗುಡ್ಡವ್ವನವು ಮೂರು. ತಾಯವ್ವ ಹನ್ನೊಂದು ತಡೆದಳು. ಬಲ ಮೊಳಕೈ ಸುಲಿದಿದೆ. ಅವರ ಹುಡುಗಿಯರು ಪಟ್ಟಿ ಬಿಗಿಯಾಗಿ ಕಟ್ಟಿ, ಹೆದರಿ, ಕಿರುಚಿ, ಒಬ್ಬರ ಮೇಲೊಬ್ಬರು ಬಿದ್ದು ಆಡಿದರು. ಪ್ರಾಮಾಣಿಕವಾಗಿ ಸೋತರು. ಅವರ ಮೇಲೆ ನನ್ನ ದೂರಿಲ್ಲ.

ದೂರು ಅವರ ಹೆಡ್‌ಮಾಸ್ತರರ ಮೇಲೆ. ಆಟ ಮುಗಿದ ಮೇಲೆ ಎದ್ದು ನಿಂತು ಹೇಳಿದರು: “ಇಲ್ಲಿ ಯಾರೂ ಗೆದ್ದಿಲ್ಲರಿ, ಯಾರೂ ಸೋತಿಲ್ಲರಿ. ಎರಡೂ ಟೀಮು ಸಮಾ ಅಂತ ತಿಳೀರಿ.”

ಏಳು ಮತ್ತು ಮೂರು ಸಮ!

ಗುಡ್ಡವ್ವ ಕುಳಿತಲ್ಲಿಂದಲೇ, “ಹಂಗಾರ ಮ್ಯಾಟ್ರಿಕ್‌ನ್ಯಾಗೂ ಎಲ್ಲಾರೂ ಸಮಾ ಪಾಸ್ ಅನ್ರಿ ಸರ್!” ಎಂದಳು. ಜನ ನಕ್ಕರು. ಘೋಷಣೆ ಬದಲಾಗಲಿಲ್ಲ.

ಬಳಿಕ ಹೆಂಗಸರು ಬಂದರು. “ಪಾಪ, ಎಷ್ಟ ಚಂದ ಆಡಿದ್ರವಾ... ಪಾಪ...” ಯಾರೋ ಒಬ್ಬಳು ಕರದಂಟಿನ ತುಂಡನ್ನು ತಾನೇ ನನ್ನ ಬಾಯಿಗೆ ತುರುಕಿದಳು. ಕೈಗೆ ಕೊಡಬಹುದಿತ್ತು. ಆ ಕೈಯಿಂದಲೇ ನಾಲ್ಕು ಗೋಲು ಹೊಡೆದದ್ದನ್ನು ಅವಳು ಎದುರು ಕುಳಿತು ನೋಡಿದ್ದಳು.

೧೬ ಜನವರಿ.

ಅಧ್ಯಕ್ಷರನ್ನು ಕೇಳಿದೆ: ನಿನ್ನೆಯದು ಗೆಲುವೋ ಅಲ್ಲವೋ?

“ಗೆದ್ದೀರಿ ಅಂತ ನಮಗ ಗೊತ್ತೈತಲ್ಲವಾ.”

“ದುಂಡಪ್ಪನವರಿಗೆ ಗೊತ್ತೈತೇನ್ರಿ?”

“ಅವರಿಗೆ... ಹೆಡ್‌ಮಾಸ್ತರ್ ಸಮಾ ಅಂತ ಕಾಗದ ಹಾಕ್ಯಾರ. ಈಗ ಅವರನ್ನ ಸುಳ್ಳಾ ಅನ್ನಾಕ ಬರತೈತೇನು? ಊರಿನ ಮಾನದ ಪ್ರಶ್ನಿ.”

ಊರಿಗೆ ಮಾನವಿದೆ. ನಮಗೆ ಕರದಂಟಿದೆ.

೨೯ ಜನವರಿ, ಭಾನುವಾರ. ಮೂಡಲಗಿಯಿಂದ ಬಂದು, ಸಂಜೆ ಏಳು.

ನಾವು ೨, ಅವರು ೬.

ಬರೆಯುತ್ತೇನೆಂದು ಹೇಳಿದ್ದೇನೆ, ಬರೆದಿದ್ದೇನೆ.

೩೦ ಜನವರಿ.

ನಿನ್ನೆ ಚುಕ್ಕಿಗಳು ತಪ್ಪುತ್ತಿದ್ದವು. ಇಂದು ಕ್ರಮವಾಗಿ.

ಮೂಡಲಗಿಯವರು ನಮ್ಮನ್ನು ಕುಸ್ತಿಯ ಪೈಲವಾನರಂತೆ ಬರಮಾಡಿಕೊಂಡರು. ಹೆಗಲಿಗೆ ಹಾರ. ಹಣೆಗೆ ಅರಿಶಿನದ ಭಂಡಾರ. ‘ಪಾಪ’ ಎಂದವರು ಒಬ್ಬರೂ ಇಲ್ಲ. ನಾನು ಸಂತೋಷಪಟ್ಟೆ — ಇದನ್ನು ಒಪ್ಪಿಕೊಳ್ಳಬೇಕು. ಮೊದಲ ಎರಡು ಗೋಲು ನಮ್ಮವೇ.

ಆಗ ಹಲಗೆ ಶುರುವಾಯಿತು.

ಮೂರು ತೊಗಲು ಹಲಗೆ, ಬೆಂಕಿಗೆ ಕಾಯಿಸಿ ಬಿಗಿ ಮಾಡಿದವು, ನಮ್ಮ ಗೆರೆಯ ಬೆನ್ನಿಗೇ. ಕಣದಲ್ಲಿ ಪೈಲವಾನರು ಹಿಡಿದುಕೊಂಡಾಗ ಬಾರಿಸುವ ಬಡಿತ. ನೆಲವೇ ಅದುರತೊಡಗಿತು. ಗೆಜ್ಜೆ ಎಲ್ಲಿ? ಗೆಜ್ಜೆ ಇಲ್ಲ. ಚೆಂಡು ತಾಯವ್ವನ ಮಡಿಲ ಪಕ್ಕದಿಂದ ಹೋಗಿದೆ. ಅವಳು ಇನ್ನೂ ಎದುರಿಗೆ ಕಿವಿ ಕೊಟ್ಟು ಕುಳಿತಿದ್ದಾಳೆ. ನಾನೂ ಹಾಗೆಯೇ. ಆರು ಸಲ. ಅವರಿಗೂ ಕೇಳುತ್ತಿರಲಿಲ್ಲ ನಿಜ. ಆದರೆ ಅವರ ಗೆಳತಿಯರು ಗೆರೆಯ ಹೊರಗೆ ನಿಂತು ಹೆಸರು ಹಿಡಿದು ಕೂಗಿ ದಿಕ್ಕು ಹೇಳುತ್ತಿದ್ದರು.

ಸತ್ಯಪ್ಪ ಮಾಸ್ತರರು ನಿಲ್ಲಿಸಿರೆಂದು ಸೀಟಿ ಊದಿದರು. ಕುಸ್ತಿಯಲ್ಲಿ ಸೀಟಿ ಎಂದರೆ ಶಾಬಾಸ್. ಹಲಗೆಯವರು ಇನ್ನಷ್ಟು ಜೋರಾಗಿ ಬಾರಿಸಿದರು. ಮಾಸ್ತರರು ಇನ್ನಷ್ಟು ಊದಿದರು...

ಮುಗಿದ ಮೇಲೆ ಹಲಗೆಯವರ ಹಿರಿಯನನ್ನು ಕರೆಸಿದೆ. ಹೆಸರು ಕೆಂಚಪ್ಪ. ಬಂದ, ಮೈಯಿಂದ ಹೊಗೆಯ ವಾಸನೆ, ಕಾದ ತೊಗಲಿನ ವಾಸನೆ.

“ಯಾಕ ಬಾರಿಸಿದ್ರಿ ಕಾಕಾ?”

“ಜೋರ ಬರಲಿ ಅಂತವಾ. ಹಲಗಿ ಇಲ್ಲದ ಆಟ ಆಗತೈತೇನ? ಬಾರಸಲಿಲ್ಲಂದ್ರ ‘ಹುಡುಗ್ಯಾರಿಗೆ ಕಣ್ಣಿಲ್ಲಂತ ಮರ್ಯಾದಿ ಕೊಡಲಿಲ್ಲ’ ಅಂತ ಊರಾಗ ನನ್ನ ಬೈತಿದ್ರು.”

“ನಿಮ್ಮ ಪೈಲವಾನನ ಕಣ್ಣಾಗ ಮುಷ್ಟಿ ಮಣ್ಣ ಹಾಕಿ ಹಿಡಿ ಅಂದ್ರ ಹಿಡೀತಾನೇನು?”

“ಛೇ! ಅದ್ಹೆಂಗ್ ಹಿಡ್ದಾನವಾ?”

“ನಮಗ ಅದನ್ನ ಮಾಡಿದ್ರಿ.”

ಅವನು ಹಲಗೆಯನ್ನು ನೆಲಕ್ಕಿಟ್ಟ ಸದ್ದು ಕೇಳಿತು.

“ನಿಮ್ಮ ಕಣ್ಣ ಕಿವ್ಯಾಗ ಅದಾವು ಅಂತ ಯಾರೂ ಹೇಳಲಿಲ್ಲವಾ ನನಗ. ತಪ್ಪಾತು.”

ಈ ಪ್ರವಾಸದಲ್ಲಿ ತಪ್ಪಾಯಿತೆಂದ ಮೊದಲ ಮನುಷ್ಯ ಹಲಗೆಯವನು. ಅಧ್ಯಕ್ಷರು ಆಗಲೇ ಬಹಳ ಉತ್ಸಾಹದಲ್ಲಿದ್ದರು — “ಊರ ಮಂದಿ ಕಣ್ಣೀರ ಹಾಕ್ಯಾರ!” ನಾವು ಸೋತದ್ದಕ್ಕೆ ಅಲ್ಲ. ಸೋತು ಚಂದ ಕಂಡೆವಂತೆ.

ಇನ್ನೊಂದು. ಬಸ್ಸಿನಲ್ಲಿ ನಾನು ತಾಯವ್ವನನ್ನು ಬೈದೆ. ನಾಲ್ಕನೆಯ ಗೋಲು ಅವಳದೇ ಬದಿಯದು ಎಂದೆ. ಅವಳು ಅತ್ತಳು. ಆ ಗೋಲು ನಡುವಿನದಾಗಿತ್ತು, ನನ್ನದು. ಘಟಪ್ರಭಾ ತಲುಪುವ ಹೊತ್ತಿಗೆ ನನಗೆ ಹೊಳೆದಿತ್ತು. ಹೇಳಿಲ್ಲ.

೪ ಫೆಬ್ರವರಿ.

ಹೇಳಿದೆ. “ನಂಗ ಗೊತ್ತಿತ್ತಕ್ಕಾ,” ಎಂದಳು ತಾಯವ್ವ.

೭ ಫೆಬ್ರವರಿ, ಮಂಗಳವಾರ.

ಸತ್ಯಪ್ಪ ಮಾಸ್ತರರು ಮೂಡಲಗಿಯ ಹಲಗೆಯ ಸಂಗತಿಯನ್ನು ದುಂಡಪ್ಪನವರಿಗೆ ವಿವರವಾಗಿ ಬರೆದಿದ್ದರು. ಇಂದು ಉತ್ತರ. “ಹಿಂದಿನದು ಬಿಡಿರಿ. ೧೯ಕ್ಕೆ ನಮ್ಮ ಹುಕ್ಕೇರಿಯಲ್ಲಿ ನನ್ನ ಎದುರಿಗೇ ಆಡಿ ಗೆಲ್ಲಿರಿ. ಗೆದ್ದರೆ ಸ್ಪರ್ಧೆಗಳ ಪುಟಕ್ಕೆ ನಿಮ್ಮ ಹೆಸರು ನಾನೇ ಹಾಕಿಸುತ್ತೇನೆ.” ಅಲ್ಲಿಯ ಟೀಮಿನ ನಾಯಕಿ ಅವರ ಮಗಳು ಇಂದ್ರವ್ವ.

ದಿನಕ್ಕೆ ಎರಡು ಹೊತ್ತು ಅಭ್ಯಾಸ. ಇಂದು ಎಂಬತ್ತು ಎಸೆತ. ಗುಡ್ಡವ್ವ ಹೇಳಿದಳು: “ಯುಗಾದಿ ಆದ ಮ್ಯಾಲೆ ನಮ್ಮಪ್ಪ ನನ್ನ ಮನಿಗೆ ಕರಕೊಂಡ ಹೊಂಟಾನ. ಇನ್ನ ಸಾಲಿ ಸಾಕಂತ. ಬೆಳಗಾವಿ ನೋಡಾಕ ಆಗ್ಲಿಲ್ಲಂದ್ರ ನಿಮ್ಮಿಬ್ಬರನ್ನೂ ಬಿಡೂದಿಲ್ಲ ನಾ.”

“ನೋಡೂದ ಹೆಂಗ?” ಎಂದಳು ತಾಯವ್ವ.

“ಏ, ನೀ ನೋಡಿ ಹೇಳ. ನಿಂಗ ಬೆಳಕ ಕಾಣತೈತಲ್ಲ, ಶಾಣಿ.”

ನಕ್ಕೆವು. ಬಹಳ ದಿನದ ಮೇಲೆ.

೧೯ ಫೆಬ್ರವರಿ, ಭಾನುವಾರ. ಹುಕ್ಕೇರಿ. ಸಂಜೆ, ಬಸ್ಸಿಗಾಗಿ ಕಾಯುತ್ತ.

ನಾವು ೮, ಅವರು ೬.

ಮರೆಯುವ ಮೊದಲು ಪೂರ್ತಿ ಬರೆಯುತ್ತೇನೆ. ಪಾಟಿ ತೊಡೆಯ ಮೇಲಿದೆ.

ಹೋದ ಕೂಡಲೇ ಪರಿಚಿತ ವಾಸನೆ. ಕೆಂಚಪ್ಪ! ಯಾರೂ ಕರೆದಿರಲಿಲ್ಲ, ಬಸ್ಸು ಹಿಡಿದು ತಾನೇ ಬಂದಿದ್ದ. ಜನರೆದುರು ನಿಂತು ಹೇಳಿದ: “ಕೇಳ್ರೆಪಾ! ನಾ ಒಂದ ಸಲ ಬಡದ್ನೆಂದ್ರ ಉಸಿರ ಬಿಡಬ್ಯಾಡ್ರಿ. ಗೋಲ್ ಬಿದ್ದಿಂದ ಬೇಕಾದಷ್ಟ ಒದರ್ರಿ. ನಡುವ ಕೆಮ್ಮಿದಾಂವಗ ಹಲಗಿಯಿಂದನ ಕೊಡ್ತೀನಿ.” ಪ್ರತಿ ಎಸೆತಕ್ಕೆ ಮೊದಲು ಒಂದೇ ಬಡಿತ. ಅನಂತರ ನಿಶ್ಶಬ್ದ. ಅಂಥ ನಿಶ್ಶಬ್ದವನ್ನು ನಾನು ನಮ್ಮ ಶಾಲೆಯಲ್ಲೂ ಕೇಳಿಲ್ಲ.

ಆದರೂ ಮೊದಲ ಪಾಳಿ ಮುಗಿದಾಗ ನಾವು ೨, ಅವರು ೫.

ನನಗೆ ಅರ್ಥವಾಗಲಿಲ್ಲ. ನಮ್ಮ ಎಸೆತ ಕೆಟ್ಟಿರಲಿಲ್ಲ. ಆದರೆ ಚೆಂಡು ನನ್ನ ಕೈ ಬಿಡುವ ಮೊದಲೇ ಎದುರಿಗೆ ಮೈ ನೆಲಕ್ಕೆ ಬೀಳುವ ಸದ್ದು. ಧಪ್ — ಆಮೇಲೆ ಗೆಜ್ಜೆ. ಯಾವಾಗಲೂ ಗೆಜ್ಜೆ ಮೊದಲು, ಧಪ್ ಆಮೇಲೆ ಇರಬೇಕು. ಕೇಳಿ ಆಡುವವಳು ಚೆಂಡಿನ ಹಿಂದೆ ಬೀಳುತ್ತಾಳೆ. ನೋಡಿ ಆಡುವವಳು ತೋಳಿನ ಹಿಂದೆ ಬೀಳುತ್ತಾಳೆ.

ಅವರು ಎಸೆಯುವಾಗಲೂ ಅಷ್ಟೇ. ಪ್ರತಿ ಸಲ ನಮ್ಮಲ್ಲಿ ಇಬ್ಬರ ನಡುವಿನ ಖಾಲಿ ಜಾಗಕ್ಕೇ.

ನೀರು ಕುಡಿಯುವಾಗ ಗುಡ್ಡವ್ವನ ಕಿವಿಯಲ್ಲಿ ಹೇಳಿದೆ. “ಖರೆ?” ಎಂದಳು. “ತೋರಸ್ತೀನಿ,” ಎಂದೆ.

ಎರಡನೆಯ ಪಾಳಿ. ಎಸೆಯುವ ಸರದಿ ನನ್ನದು. ಕೆಂಚಪ್ಪನ ಬಡಿತ. ನಿಶ್ಶಬ್ದ. ನಾನು ಎದುರಿನವರಿಗೆ ಮೈ ಅಡ್ಡ ಮಾಡಿ, ಚೆಂಡನ್ನು ಗೆಜ್ಜೆ ಮಿಸುಕದಂತೆ, ಮಲಗಿದ ಕೂಸನ್ನು ಇಟ್ಟ ಹಾಗೆ, ಗುಡ್ಡವ್ವನ ಮಡಿಲಿಗೆ ಇಟ್ಟೆ. ನಿಂತೆ. ಕಾಲು ಎತ್ತಲಿಲ್ಲ, ಉಸಿರು ಬಿಡಲಿಲ್ಲ. ಬರಿಗೈಯನ್ನು ಹಿಂದಕ್ಕೆ ಒಯ್ದು, ಎಡ ಮೂಲೆಯ ಕಡೆಗೆ, ಪೂರ್ಣ ಬಲದಿಂದ ಬೀಸಿದೆ.

ಯಾವ ಸದ್ದೂ ಇಲ್ಲ. ಕೇಳಿಸುವಂಥದ್ದು ಏನೂ ಇರಲಿಲ್ಲ.

ಧಪ್. ಎಡ ಮೂಲೆಯಲ್ಲಿ.

ಎಲ್ಲೋ ಹಿಂದೆ ಒಬ್ಬ ಮುದುಕ ಮೊದಲು ನಕ್ಕ. ಆಮೇಲೆ ಇಡೀ ಚಪ್ಪರ.

ನಾನು ಕೇಳಿದೆ, ಗಟ್ಟಿಯಾಗಿ: “ಮಾಸ್ತರ, ಚೆಂಡ ಎಲ್ಲೈತಿ ಅಂತ ಎಲ್ಲಾರ ಮುಂದ ಹೇಳ್ರಿ.”

“ಗುಡ್ಡವ್ವನ ಉಡಿಯಾಗ ಐತಿ.”

“ಅಲ್ಲಿ ಬಿದ್ದಾಕಿ ಯಾತಕ್ಕ ಬಿದ್ಲು ಅಂತ ಕೇಳ್ರಿ.”

ಬಿದ್ದವಳು ಇಂದ್ರವ್ವ. ಉತ್ತರ ಕೊಡಲಿಲ್ಲ. ಮಾಸ್ತರರು ಹೋಗಿ ಮೂವರ ಪಟ್ಟಿ ಮುಟ್ಟಿ ನೋಡಿದರು. ಮಲಮಲ್ ಬಟ್ಟೆ, ಒಂದೇ ಮಡಿಕೆ. ಅದರ ಆಚೆ ಪೇಪರೂ ಓದಬಹುದು ಎಂದರು. ತಾಯವ್ವ ತನ್ನ ಎರಡರಲ್ಲಿ ಒಂದನ್ನು ಬಿಚ್ಚಹೋದಳು. ಮಾಸ್ತರರು ತಡೆದು, ತಮ್ಮ ಹೆಗಲ ಮೇಲಿನ ದಪ್ಪ ಅಂಗವಸ್ತ್ರವನ್ನೇ ಹರಿದು ಮೂರು ಮಾಡಿದರು.

ಅದರ ಮುಂದೆ ನಾವು ಆರು, ಅವರು ಒಂದು.

ಅಂಕ ಘೋಷಿಸಬೇಕಾದ ದುಂಡಪ್ಪನವರು ಆಗಲೇ ಎದ್ದು ಹೋಗಿದ್ದರು. ಮೈಕಿನ ಮುಂದೆ ಯಾರೂ ಬರಲಿಲ್ಲ. ಆಗ ಕೆಂಚಪ್ಪ ಹಲಗೆಯನ್ನು ಎಂಟು ಸಲ ಬಡಿದ. ನಿಲ್ಲಿಸಿದ. ಆರು ಸಲ ಬಡಿದ. ಕಿವಿಯಿದ್ದವರಿಗೆಲ್ಲ ತಿಳಿಯಿತು.

ಬಸ್ಸು ಬಂತು.

೨೧ ಫೆಬ್ರವರಿ.

ಅಧ್ಯಕ್ಷರು ಒಂದೂ ಮಾತಾಡುತ್ತಿಲ್ಲ. ನಾವು ಗೆದ್ದಿದ್ದೇವೆ. ಮಾತು ಕೊಟ್ಟವರು ಎದುರಿಗಿದ್ದರು. ಇನ್ನೇನು ಬೇಕು?

ಊರಲ್ಲಿ ಮಾತು ಬೇರೆಯೇ ಹಬ್ಬಿದೆಯಂತೆ. ‘ಕುರುಡಿ ಒಬ್ಬಾಕಿ ದೊಡ್ಡವರ ಮಗಳನ್ನ ತುಂಬಿದ ಮಂದ್ಯಾಗ ಕಳ್ಳಿ ಅಂದ್ಲಂತ.’ ನಾನು ಆ ಶಬ್ದ ಬಳಸಲಿಲ್ಲ. ನಾನು ಎರಡು ಪ್ರಶ್ನೆ ಕೇಳಿದೆ. ಎರಡನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ.

೨೬ ಫೆಬ್ರವರಿ, ಭಾನುವಾರ. ಮಧ್ಯಾಹ್ನ.

ಉತ್ತರ ಬಂತು. ತಾನೇ ನಡೆದು ಬಂತು.

ಇಂದ್ರವ್ವ. ಅವಳ ತಾಯಿಯ ತಂಗಿ, ಮಾವಶಿ, ಘಟಪ್ರಭಾದ ದವಾಖಾನೆಗೆ ಬಂದಿದ್ದಾಳೆ. ಆಕೆಯನ್ನು ಅಲ್ಲಿ ಕೂರಿಸಿ, ಒಬ್ಬಳೇ ನಮ್ಮ ಶಾಲೆಯವರೆಗೆ ನಡೆದು ಬಂದಳು. ಹದಿನಾರರ ಪ್ರಾಯವಿರಬೇಕು, ದನಿ ಸಣ್ಣದು, ಬಳೆ ಬಹಳ.

“ಅಲ್ಲವ್ವಕ್ಕಾರ, ನನಗ ಕಾಣಸ್ತಿತ್ರಿ.”

“ಗೊತ್ತೈತಿ.”

“ಪಟ್ಟಿ ಅಪ್ಪ ಕಟ್ಟಿದ್ದರಿ. ‘ಪೂರಾ ಕತ್ತಲಿ ಆದ್ರ ಬಿದ್ದು ಮಾರಿ ಒಡಕೊಂತಿ, ನಾಳೆ ಯಾರ ಮಾಡಕೊಂತಾರ’ ಅಂದ. ಮೊದಲ ನಾ ಕಣ್ಣ ಮುಚಗೊಂಡ ಆಡಾಕ ನೋಡಿದ್ನಿರಿ. ನಿಮ್ಮ ಚೆಂಡ ಬರೂ ಜೋರಿಗೆ ಅಂಜಿಕಿ ಬಂತು. ಕಣ್ಣ ತಾನs ತೆರೀತು.”

ಅಂಜಿಕೆ ನನಗೂ ಗೊತ್ತು.

ಒಂದು ಸಲ ಸರಿಯಾಗಿ ಆಡಬೇಕು ಎಂದಳು. ಗುಡ್ಡವ್ವ ಅವಳ ಕಣ್ಣಿಗೆ ಕಂಬಳಿಯ ತುಂಡು ಕಟ್ಟಿದಳು — “ಈಗ ಸೂರ್ಯನ ಬಂದ್ರೂ ಕಾಣಂಗಿಲ್ಲ, ಹೋಗು!” ಅಂಗಳದಲ್ಲಿ ಒಬ್ಬಳಿಗೊಬ್ಬಳು. ಮೊದಲ ಆರು ನೇರ ಹೋದವು. ಅವಳು ಬಿದ್ದದ್ದೆಲ್ಲ ತಪ್ಪು ಕಡೆಗೆ. ಏಳನೆಯದನ್ನು ಬಲಕ್ಕೆ ಎಸೆದೆ. ಗೆಜ್ಜೆ... ಧಪ್... ನಿಂತಿತು. ಅವಳು ನೆಲದ ಮೇಲೆಯೇ ಚೆಂಡನ್ನು ಅವುಚಿಕೊಂಡು ಕೂಗಿದಳು: “ಕೇಳಸ್ತು! ಅಕ್ಕಾರ, ಕೇಳಸ್ತರಿ!”

ಒಳ್ಳೆಯ ಆಟಗಾರ್ತಿ ಆಗಬಲ್ಲಳು.

ಪಟ್ಟಿ ಬಿಚ್ಚಿದ ಮೇಲೆ ನಾನು ಕೇಳಿದೆ: “ಈಗ ನನಗ ಹೇಳಿದ್ದನ್ನ ನಿಮ್ಮಪ್ಪಗ ಹೇಳ್ತಿ?”

ಬಳೆಗಳ ಸದ್ದು ನಿಂತಿತು. “ಅಪ್ಪನ ಮುಂದ ಹೆಂಗ ಹೇಳಲಿರಿ... ಮಂದಿ ಎದುರಿಗೆ ತಲಿ ತಗ್ಗಸ್ಯಾನ. ಮೊದಲs ನನ್ನ ಸಾಲಿ ಬಿಡಸ್ತೀನಿ ಅನ್ನಾಕತ್ಯಾನ.” ಹೊರಡುತ್ತ, “ನಾ ಬಂದಿದ್ದು ಯಾರಿಗೂ ಹೇಳಬ್ಯಾಡ್ರಿ. ಎಲ್ಲೂ ಬರೀಬ್ಯಾಡ್ರಿ.”

ಹೇಳುವುದಿಲ್ಲ. ಬರೆದಿದ್ದೇನೆ. ಏಳರಲ್ಲಿ ಒಂದು ತಡೆದಳು ಎಂಬುದನ್ನೂ.

೩ ಮಾರ್ಚ್, ಶುಕ್ರವಾರ. ಸಂಜೆ ಐದು.

ಅಧ್ಯಕ್ಷರು ಕರೆಸಿದರು. ಕೋಣೆಯಲ್ಲಿ ಸತ್ಯಪ್ಪ ಮಾಸ್ತರರೂ ಇದ್ದರು. ಕುರ್ಚಿ ಕೊಟ್ಟರು — ಹಿಂದೆ ಎಂದೂ ಕೊಟ್ಟಿದ್ದಿಲ್ಲ.

“ಅಲ್ಲವ್ವಾ, ನೀ ಶಾಣಿ ಹುಡುಗಿ. ದುಂಡಪ್ಪನವರು ಮಾತಿಗೆ ತಪ್ಪೂವರಲ್ಲ. ಸ್ಪರ್ಧೆದ ಪುಟದಾಗ ಹೆಸರು ಹಾಕಸ್ತೀನಿ ಅಂದಾರ. ನಿಮ್ಮ ಮೂರೂ ಮಂದಿ ಹೆಸರು, ಅಚ್ಚಿನ್ಯಾಗ. ಒಂದ ಸಣ್ಣ ಕಾಗದ ಕೊಡಬೇಕಷ್ಟs.”

ಓದಿರಿ ಎಂದೆ. ಮಾಸ್ತರರಿಗೆ ಕೊಟ್ಟರು. ಮಾಸ್ತರರ ದನಿ ಪಾಠ ಓದುವಂತಿರಲಿಲ್ಲ.

“‘ದಿನಾಂಕ ೧೯ರಂದು ಹುಕ್ಕೇರಿಯಲ್ಲಿ ನಾನು ಮಾಡಿದ ಆರೋಪವು ನಿರಾಧಾರವಾದದ್ದು. ನನಗೆ ಕಣ್ಣಿಲ್ಲದ ಕಾರಣ ತಪ್ಪು ತಿಳಿದುಕೊಂಡೆನು. ಇದಕ್ಕಾಗಿ ಕುಮಾರಿ ಇಂದ್ರವ್ವ ಹಾಗೂ ಅವರ ತಂದೆಯವರ ಕ್ಷಮೆ ಬೇಡುತ್ತೇನೆ.’”

ಕಣ್ಣಿಲ್ಲದ ಕಾರಣ!

ಇಡೀ ಚಪ್ಪರದಲ್ಲಿ ಕಣ್ಣಿದ್ದವರು ಐನೂರು. ಅವರಲ್ಲಿ ಒಬ್ಬರಿಗೂ ಕಾಣದ್ದನ್ನು ಹಿಡಿದವಳು ನಾನು. ಕಣ್ಣಿಲ್ಲದ ಕಾರಣ ಸರಿಯಾಗಿ ತಿಳಿದುಕೊಂಡೆ ಎಂದು ಬರೆದಿದ್ದರೆ ಒಂದು ಮಾತು.

“ಪಟ್ಟಿ ಮುಟ್ಟಿ ನೋಡಿದಾಂವ ನಾ,” ಎಂದರು ಮಾಸ್ತರರು. “ಅಂಪಾಯರ್ ನಾ. ಅದನ್ನರ ಕೇಳ್ರಿ.”

“ಮಾಸ್ತರ, ನೀವು ಸುಮ್ನಿರ್ರಿ. ಇದು ದೊಡ್ಡವರ ವಿಷಯ.” ಅನಂತರ ನನ್ನ ಕಡೆಗೆ: “ಸುಳ್ಳೋ ಖರೆನೋ ಯಾರ ಕೇಳ್ತಾರವಾ? ಕಾಗದ ಅವರ ಮೇಜಿನ ಖಾನೆದಾಗ ಬೀಳತೈತಿ. ನೀವು ಬೆಳಗಾವ್ಯಾಗ ಆಡತೀರಿ. ಇಲ್ಲಾಂದ್ರ ಮನರಂಜನೆದಾಗೂ ಹೆಸರು ಇರೂದಿಲ್ಲ ಅಂದಾರ. ಅಟ್ಟs ಅಲ್ಲ, ಈ ಆಟನ ಇನ್ನ ಎಲ್ಲೂ ಆಡಸಬ್ಯಾಡ್ರಿ ಅಂತಾರ.”

ಮೇಜಿನ ಮೇಲೆ ಡಬ್ಬಿಯೊಂದರ ಮುಚ್ಚಳ ತೆರೆದರು. ಮಸಿಯ ವಾಸನೆ. “ಹೆಬ್ಬೆಟ್ಟು ಇಲ್ಲಿ.”

“ನನಗ ಸಹಿ ಬರತೈತ್ರಿ,” ಎಂದೆ. ಮಾಸ್ತರರು ಅಂಚುಪಟ್ಟಿ ಇಟ್ಟು ಮೂರು ತಿಂಗಳು ಕಲಿಸಿದ್ದಾರೆ. ಮುಲ್ಕಿಯ ಸರ್ಟಿಫಿಕೇಟಿನ ಮೇಲೆ ನನ್ನ ಸಹಿ ಇದೆ.

“ಕುರುಡರ ಸಹಿ ಯಾರ ನಂಬತಾರ? ಹೆಬ್ಬೆಟ್ಟ ಆದ್ರ ಪಕ್ಕಾ. ಅವಸರ ಇಲ್ಲ. ರವಿವಾರ ಹತ್ತಕ್ಕ ಬರ್ತೀನಿ. ತಯಾರಿರು.”

ಕುರ್ಚಿಯನ್ನು ಮೊದಲಿದ್ದಲ್ಲಿಗೇ ಸರಿಸಿ ಹೊರಗೆ ಬಂದೆ.

೪ ಮಾರ್ಚ್. ಮುಂಜಾನೆ.

ತಾಯವ್ವನಿಗೂ ಗುಡ್ಡವ್ವನಿಗೂ ಎಲ್ಲ ಹೇಳಿದೆ. ಕಾಗದದ ಒಂದೊಂದು ವಾಕ್ಯ. ಇಂದ್ರವ್ವ ಬಂದದ್ದನ್ನು ಹೊರಗೆ ಹೇಳಲಾಗದು ಎಂಬುದು ಇಬ್ಬರಿಗೂ ಗೊತ್ತು.

ತಾಯವ್ವ ತಕ್ಷಣ ಹೇಳಿದಳು: “ಒತ್ತಿಬಿಡಕ್ಕಾ. ಏನ್ ಹೋಗತೈತಿ? ರೈಲಿನ್ಯಾಗ ಹೋಗೂದೈತಿ. ಅವ್ವಗ ಹೇಳಿ ಕಳಿಸೇನಿ ನಾ. ಊರ ತುಂಬ ಹೇಳ್ಕೊಂತ ಅಡ್ಡಾಡತಿರತಾಳ.”

ಚೆಂಡಿನ ಹೊಲಿಗೆ ಬಿಟ್ಟಿತ್ತು, ಗುಡ್ಡವ್ವ ಅದನ್ನು ಹಾಕುತ್ತಿದ್ದಳು. ದಾರ ಎಳೆದಾಗೊಮ್ಮೆ ಗೆಜ್ಜೆ ಮಿಸುಕುತ್ತಿತ್ತು.

“ಒತ್ತು ಅನ್ನೂದಿಲ್ಲ,” ಎಂದಳು. “ಬ್ಯಾಡ ಅನ್ನೂದಿಲ್ಲ. ನೀ ಮುಂದಿನ ವರ್ಷ ಮ್ಯಾಟ್ರಿಕ್ ಕಟ್ಟತಿ, ಪೇಪರಿನ್ಯಾಗ ಹೆಸರ ಬರತೈತಿ. ತಾಯವ್ವ ಇನ್ನ ಸಣ್ಣಾಕಿ. ನಾ ಯುಗಾದಿ ಆದ ಮ್ಯಾಲೆ ನಮ್ಮ ಮನ್ಯಾಗ ಕುಟ್ಟೂ ಒಳ್ಳಿನ ಮುಂದ ಕುಂತಿರತೀನಿ. ನನ್ನ ಹೆಸರ ಅಚ್ಚಾಗೂದು ಇದೊಂದ ಸಲ ನೋಡು. ಅಷ್ಟs ಹೇಳಿದ್ನಿ.”

ಇದಕ್ಕಿಂತ ಅವಳು ಬೈದಿದ್ದರೆ ಒಳ್ಳೆಯದಿತ್ತು.

ಅದೇ ದಿನ, ಮಧ್ಯಾಹ್ನ ಮೂರು.

ಅಭ್ಯಾಸಕ್ಕೆ ಮೂವರೂ ಇಳಿದೆವು. ಯಾರೂ ಕರೆದಿರಲಿಲ್ಲ. ನಲವತ್ತು ಎಸೆತ. ಗುಡ್ಡವ್ವನ ಎಸೆತ ಎಂದಿಗಿಂತ ಬಲವಾಗಿತ್ತು. ಒಂದು ನನ್ನ ಪಕ್ಕೆಗೆ ಬಡಿದು ಉಸಿರು ನಿಂತಿತು. ತಡೆದೆ.

“ಪೆಟ್ಟಾತೇನು?” ಎಂದಳು.

“ಇಲ್ಲ.”

“ಆಗಿರಬೇಕ. ನಾ ಬೇಕಂತಲೆ ಎಸದೆ.”

೫ ಮಾರ್ಚ್, ಭಾನುವಾರ. ಮುಂಜಾನೆ ಹತ್ತು.

ಜೀಪು ಬಂದು ನಿಂತಿತು. ಎರಡು ಬಾಗಿಲು ಬಡಿದವು, ಇಬ್ಬರು ಇಳಿದಿದ್ದಾರೆ. ಅಧ್ಯಕ್ಷರ ಕೆಮ್ಮು. ಇನ್ನೊಬ್ಬರ ಚಪ್ಪಲಿಯ ನಡಿಗೆ ನನಗೆ ಹೊಸದು — ಭಾರವಾದ ಮನುಷ್ಯ. ದುಂಡಪ್ಪನವರೇ ಇರಬೇಕು.

ಗುಡ್ಡವ್ವ ನನ್ನ ಜಡೆ ಹೆಣೆದು ಮುಗಿಸಿದಳು. ತಾಯವ್ವ ಬಾಗಿಲಲ್ಲಿ ನಿಂತಿದ್ದಾಳೆ, “ಅಕ್ಕಾ, ಕರ್ಯಾಕತ್ತಾರ.”

ನಾನು ಹೆಬ್ಬೆಟ್ಟು ಒತ್ತುವುದಿಲ್ಲ.